ಮಾರ್ಷ್‌ವಿಕ್ ಕವಿಯ ಸೋದರಮಾವ

ಐಸೆಲಿನ್, ವುಡ್‌ಬ್ರಿಡ್ಜ್
ಅಕ್ಟೋಬರ್ 13, 2024

ಮಗಾ ಅನ್ವಿತಾ,

ನೀನು ಥೀಸಿಸ್ ಮುಗಿಸಲು ಇಂಗ್ಲೆಂಡಿಗೆ ಹೋಗಿ ತಿಂಗಳಾಯಿತು. ಫೋನ್ ಮಾಡಿದರೆ ನನಗೆ ಸರಿಯಾಗಿ ಕೇಳಿಸುವುದಿಲ್ಲ. ಕೇಳಿಸದೆ ಎಲ್ಲದಕ್ಕೂ ಹೂಂ ಹೂಂ ಎನ್ನುತ್ತೇನೆ, ಆಮೇಲೆ ನೀನು ‘ಮಾವ ಒಪ್ಪಿದರು’ ಎಂದು ನಿನ್ನ ಅಮ್ಮನಿಗೆ ಹೇಳುತ್ತೀ. ಇಮೇಲ್ ಮಾಡಿದರೆ ಅದು ನಮ್ಮ ಹೋಟೆಲಿನ ಕೇಟರಿಂಗ್ ಆರ್ಡರುಗಳ ನಡುವೆ ಎಲ್ಲಿಯೋ ಸೇರಿಹೋಗುತ್ತದೆ. ಆದ್ದರಿಂದ ನಾವು ಮಾತಾಡಿಕೊಂಡ ಹಾಗೆ ಕಾಗದವೇ ಸರಿ. ಭಾನುವಾರದ ಕನ್ನಡ ಕ್ಲಾಸಿಗೆ ನಿನ್ನನ್ನು ಎಳೆದುಕೊಂಡು ಹೋದದ್ದಕ್ಕೆ ಈಗಲಾದರೂ ಬಡ್ಡಿ ಬರಲಿ.

ನಿನ್ನ ಮದುವೆಯ ದಿನ ಗಟ್ಟಿಯಾಯಿತು. ಬರುವ ಜೂನ್ ಇಪ್ಪತ್ತೊಂದು, ಶನಿವಾರ. ಹಾಲ್ ಮನ್ರೋದಲ್ಲಿ, ಪಾರ್ಕಿಂಗ್ ಧಾರಾಳ ಉಂಟು. ನಿನ್ನ ಹುಡುಗ ಅತುಲನ ತಾಯಿ ನೀತಾ ಪ್ಲೇನ್ಸ್‌ಬರೋದಿಂದ ಬಂದು ನೋಡಿ, ಸ್ಟೇಜಿನ ಪರದೆಯ ಬಣ್ಣ ಬಿಟ್ಟು ಉಳಿದದ್ದೆಲ್ಲ ಒಪ್ಪಿದರು. ಅಡುಗೆ ನನ್ನದು. ಅದರಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳುವುದಿಲ್ಲ.

ಒಂದು ವಿಷಯ ನಿನ್ನನ್ನೇ ಕೇಳಬೇಕು. ದೇವಸ್ಥಾನದ ಭಟ್ಟರು ಫೋನ್ ಮಾಡಿ, ‘ಲೋಕನಾಥರೇ, ಧಾರೆ ಎರೆಯುವುದು ಯಾರು? ಹುಡುಗಿಯ ತಂದೆ ಬರ್ತಾರಾ?’ ಎಂದರು. ಕಾರ್ಡಿನಲ್ಲಿಯೂ ಒಂದು ಹೆಸರು ಹಾಕಬೇಕು. ಶಿವರಾಮ ನಿಮ್ಮಿಬ್ಬರನ್ನು ಬಿಟ್ಟು ವರ್ಜೀನಿಯಾಕ್ಕೆ ಹೋದಾಗ ನಿನಗೆ ನಾಲ್ಕು ವರ್ಷ. ಅಂದಿನಿಂದ ನಮ್ಮ ಮನೆಯಲ್ಲಿ ಅವನ ಹೆಸರನ್ನು ಯಾರೂ ಎತ್ತಿಲ್ಲ. ಆದರೂ ಅಪ್ಪ ಅಪ್ಪನೇ. ನಿನ್ನ ಮನಸ್ಸಿನಲ್ಲಿ ಏನುಂಟೋ ಬರೆ. ನನ್ನದು ಏನೂ ಇಲ್ಲ, ನೀನು ಹೇಳಿದ ಹಾಗೆ.

ನಿನ್ನ ಕವಿ ಹೇಗಿದ್ದಾನೆ? ಹೆಸರು ಸಿಕ್ಕಿತಾ?

ನಿನ್ನ ಮಾವ
ಲೋಕನಾಥ


ಇಂಗ್ಲೆಂಡ್
ನವೆಂಬರ್ 2, 2024

ಪ್ರೀತಿಯ ಮಾವಾ,

ನಿಮ್ಮ ಕಾಗದಕ್ಕೆ ಒಗ್ಗರಣೆಯ ವಾಸನೆ ಇತ್ತು. ಕೌಂಟರಿನಲ್ಲಿ ಕೂತು ಬರೆದಿರಿ ತಾನೆ? ಇಲ್ಲಿ ನಾನು ಸೈಕಲ್ ಅಂಗಡಿಯ ಮೇಲಿನ ರೂಮಿನಲ್ಲಿ ಬ್ರೆಡ್ಡು ತಿಂದುಕೊಂಡು ಇರುವವಳು, ಕಾಗದವನ್ನು ಮೂಸಿ ನೋಡಿ ಇಟ್ಟುಕೊಂಡಿದ್ದೇನೆ.

ಕವಿಗೆ ಹೆಸರು ಸಿಕ್ಕಿಲ್ಲ. ಆರುನೂರು ವರ್ಷದಿಂದ ಸಿಗದವನು ನನಗೆ ಒಂದು ತಿಂಗಳಲ್ಲಿ ಸಿಗುತ್ತಾನೆಯೆ? ಮಾರ್ಷ್‌ವಿಕ್ ಎಂಬ ಜೌಗು ನೆಲದ ಊರಿನ ಹೆಸರು ಅವನ ಪದ್ಯದಲ್ಲಿ ಬರುತ್ತದೆ, ಅದಕ್ಕೆ ಎಲ್ಲರೂ ಮಾರ್ಷ್‌ವಿಕ್ ಕವಿ ಎನ್ನುತ್ತಾರೆ. ಒಬ್ಬರು ಅವನನ್ನು ಸನ್ಯಾಸಿ ಎನ್ನುತ್ತಾರೆ, ಇನ್ನೊಬ್ಬರು ಉಪ್ಪಿನ ವ್ಯಾಪಾರಿಯ ಗುಮಾಸ್ತ ಎನ್ನುತ್ತಾರೆ, ಮತ್ತೊಬ್ಬರು ಅವನು ಗಂಡಸೇ ಅಲ್ಲ, ಮಠದ ಹೆಂಗಸು ಎನ್ನುತ್ತಾರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪಂಡಿತರಿಗೇನೂ ಕೊರತೆಯಿಲ್ಲ. ಅವನೇ ಹೇಳಿಕೊಂಡದ್ದು ಇಷ್ಟು: ತನಗೆ ಬಾತುಕೋಳಿ ಕಂಡರೆ ಹೆದರಿಕೆ, ಹಾಡಲು ಬಾರದು, ಹಾವುಮೀನು ಎಂದರೆ ಪ್ರಾಣ. ಮತ್ತೊಂದು ಮಾತು, ಮಳೆಗಾಲದಲ್ಲಿ ಹೊಳೆ ತುಂಬಿದಾಗ ತಾಯಿಯ ಅಣ್ಣ ತನ್ನನ್ನು ಹೆಗಲ ಮೇಲೆ ಹೊತ್ತು ಪಾಠಶಾಲೆಗೆ ದಾಟಿಸುತ್ತಿದ್ದ. ಅಪ್ಪನ ಸುದ್ದಿ ಇಡೀ ಪದ್ಯದಲ್ಲಿ ಒಂದು ಸಾಲೂ ಇಲ್ಲ.

ನನ್ನ ಥೀಸಿಸ್ಸಿನ ಮುಖ್ಯ ಅಧ್ಯಾಯ ಇದರ ಮೇಲೆಯೇ. ಆ ಕಾಲದ ಪಾದ್ರಿಗಳಿಗೆ ಮದುವೆ ಇರಲಿಲ್ಲ. ಯಾರಿಗಾದರೂ ಮಗು ಹುಟ್ಟಿದರೆ ‘ನನ್ನ ತಂಗಿಯ ಮಗ’ ಎಂದು ಹೇಳಿ ಸಾಕುವುದಿತ್ತು. ಹಾಗಾಗಿ ಈ ಮಾವನೂ ಅಂಥ ಒಬ್ಬ ಪಾದ್ರಿಯೇ, ನಿಜವಾಗಿ ಮಾವನಲ್ಲ, ಮರೆಯಲ್ಲಿದ್ದ ಅಪ್ಪ ಎಂದು ನನ್ನ ವಾದ. ಅಪ್ಪನನ್ನು ಅಪ್ಪಾ ಎಂದು ಕರೆಯಲಾಗದವನ ಸಂಕಟ ಸಾಲು ಸಾಲಿನಲ್ಲಿದೆ, ಮಾವಾ. ಬದುಕಿಡೀ ಅವನು ಆ ಒಬ್ಬನನ್ನೇ ಹುಡುಕಿದ್ದಾನೆ ಎಂದು ಬರೆದಿದ್ದೇನೆ. ನನ್ನ ಗೈಡಿಗೆ ತುಂಬ ಇಷ್ಟವಾಗಿದೆ.

ಕಾರ್ಡಿನ ವಿಷಯ ಆಮೇಲೆ ಬರೆಯುತ್ತೇನೆ. ಈಗ ಅದಕ್ಕೆ ತಲೆ ಓಡುತ್ತಿಲ್ಲ.

ನಿಮ್ಮ
ಅನ್ವಿತಾ


ಐಸೆಲಿನ್
ನವೆಂಬರ್ 17, 2024

ಮಗಾ,

ನಿನ್ನ ಕಾಗದವನ್ನು ಊಟದ ಹೊತ್ತಿಗೆ ನಿನ್ನ ಅಮ್ಮನಿಗೂ ಓದಿ ಹೇಳಿದೆ. ಅವಳು ಫಾರ್ಮಸಿಯಲ್ಲಿ ದಿನವಿಡೀ ನಿಂತು ಬಂದವಳು, ಅರ್ಧ ಕೇಳಿ ನಿದ್ದೆ ಹೋದಳು. ನನಗೆ ಮಾತ್ರ ನಿದ್ದೆ ಬರಲಿಲ್ಲ.

ಅಲ್ಲ ಮಾರಾಯ್ತಿ, ಮಾವ ಅಂದರೆ ಮಾವನೇ ಯಾಕೆ ಆಗಬಾರದು? ತಂಗಿಯ ಮಗುವನ್ನು ಹೆಗಲ ಮೇಲೆ ಹೊತ್ತವನನ್ನು ಕಂಡರೆ ‘ಇವನೇ ಅಪ್ಪ ಇರಬೇಕು’ ಎಂದು ನಿಮ್ಮ ಪಂಡಿತರಿಗೆ ಅನ್ನಿಸುವುದಾದರೆ, ಅವರ ಮನೆಗಳಲ್ಲಿ ಮಾವಂದಿರು ಏನು ಮಾಡುತ್ತಾರೆ? ನಮ್ಮ ಕಡೆ ಅಳಿಯಸಂತಾನ. ಮಗುವಿನ ಬಳಿ, ಅಂದರೆ ಕುಲದ ಹೆಸರು, ತಾಯಿಯದ್ದು, ಮನೆ ತಾಯಿಯದ್ದು, ಹೊರುವವನು ಮಾವ. ನನ್ನನ್ನು ಶಾಲೆಗೆ ಸೇರಿಸಿದ್ದು ನನ್ನ ಮಾವ. ನನ್ನ ಬೆನ್ನಿನ ಮೇಲೆ ಹುಣಸೆ ಬರಲು ಮುರಿದವನೂ ಅವನೇ. ಅವನನ್ನು ಯಾರೂ ನನ್ನ ಅಪ್ಪ ಎಂದು ಸಂಶಯ ಪಡಲಿಲ್ಲ. ನಿನ್ನ ಕವಿಯ ಊರಿನಲ್ಲಿಯೂ ಅಳಿಯಸಂತಾನ ಇದ್ದಿರಬೇಕು. ಅದನ್ನು ಬರೆ.

ಕುಂಬಳಕಾಯಿ ಕಳ್ಳ ಎಂದರೆ ನೀವು ಯಾಕೆ ಹೆಗಲು ಮುಟ್ಟಿಕೊಳ್ಳುತ್ತೀರಿ ಎಂದು ಕೇಳಬೇಡ. ನನ್ನ ಹೆಗಲ ಮೇಲೆ ನೀನು ಕೂತಿದ್ದೆ, ಅದಕ್ಕೆ ಮುಟ್ಟಿಕೊಂಡೆ. ಶಿವರಾಮ ಹೋದ ಮೇಲೆ ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟಿನಿಂದ ನಿಮ್ಮಿಬ್ಬರನ್ನು ಕರೆತರಲು ಹೋಟೆಲಿನ ವ್ಯಾನು ತಂದಿದ್ದೆ, ಹಿಂದೆ ದೋಸೆ ಹಿಟ್ಟಿನ ಬಕೆಟುಗಳು. ಎಲಿವೇಟರ್ ಕೆಟ್ಟಿತ್ತು. ನೀನು ನಿನ್ನ ಅಮ್ಮನ ಕೈಗೂ ಬರುವುದಿಲ್ಲ ಎಂದು ನನ್ನ ಕಿವಿ ಹಿಡಿದುಕೊಂಡು ಕೂತೆ. ಈಗ ಕಿವಿ ಕೇಳಿಸದಿರುವುದಕ್ಕೆ ಅದೇ ಕಾರಣ ಎಂದು ಡಾಕ್ಟರಿಗೆ ಹೇಳಿದ್ದೇನೆ.

ಹೆಸರಿನ ಗೊಂದಲ ನನಗೆ ಹೊಸದಲ್ಲ. ನನ್ನ ಮೊದಲ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದುದರಿಂದ ವೀಸಾದಲ್ಲಿ ಎಫ್‌ಎನ್‌ಯು ಲೋಕನಾಥ ಎಂದು ಹಾಕಿದ್ದರು, ಮೊದಲ ಹೆಸರು ಗೊತ್ತಿಲ್ಲ ಎಂದು ಅರ್ಥ. ಎರಡು ವರ್ಷ ಬ್ಯಾಂಕಿನವರು ನನ್ನನ್ನು ಮಿಸ್ಟರ್ ಫ್ನೂ ಎಂದು ಕರೆದರು. ನಾಳೆ ಯಾರಾದರೂ ಅದನ್ನು ನೋಡಿ ಫ್ನೂ ಎಂಬ ದೊಡ್ಡ ಮನೆತನ ಇತ್ತು ಎಂದು ಥೀಸಿಸ್ ಬರೆದಾರು.

ಜೋಕು ಇರಲಿ. ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಕಾರ್ಡಿನ ಪ್ರಶ್ನೆಗೆ ನೀನು ಉತ್ತರ ಕೊಡಲಿಲ್ಲ ಎಂದು ಮೊದಲು ಅಂದುಕೊಂಡಿದ್ದೆ. ಆಮೇಲೆ, ಕೊಟ್ಟಿದ್ದೀ ಎಂದು ತೋರಿತು. ನೀನು ಚಿಕ್ಕಂದಿನಿಂದಲೂ ಬೇಕಾದ್ದನ್ನು ನೇರ ಕೇಳಿದವಳಲ್ಲ.

ಮಾವ


ಇಂಗ್ಲೆಂಡ್
ಡಿಸೆಂಬರ್ 6, 2024

ಮಾವಾ,

ನಿಮ್ಮ ಕಾಗದ ಓದಿ ಲೈಬ್ರರಿಯಲ್ಲಿ ನಕ್ಕು ಬೈಸಿಕೊಂಡೆ. ಮಾರ್ಷ್‌ವಿಕ್‌ನಲ್ಲಿ ಅಳಿಯಸಂತಾನ ಇರಲಿಲ್ಲ, ಖಂಡಿತ ಇರಲಿಲ್ಲ. ಇದನ್ನು ಫುಟ್‌ನೋಟಿನಲ್ಲಿ ಹಾಕಿದರೂ ನನ್ನ ಡಿಗ್ರಿ ಹೋಗುತ್ತದೆ. ಆದರೆ ನಿಮಗೆ ಖುಷಿಯಾಗುವ ಒಂದು ವಿಷಯ ಹೇಳುತ್ತೇನೆ. ಹಳೆಯ ಇಂಗ್ಲಿಷಿನಲ್ಲಿ ಅಮ್ಮನ ಅಣ್ಣತಮ್ಮಂದಿರಿಗೆ ಒಂದು ಪದ, ಅಪ್ಪನ ಅಣ್ಣತಮ್ಮಂದಿರಿಗೆ ಇನ್ನೊಂದು ಪದ ಇತ್ತು. ನಮ್ಮ ಸೋದರಮಾವ, ಚಿಕ್ಕಪ್ಪ ಇದ್ದ ಹಾಗೆ. ಆಮೇಲೆ ಅಂಕಲ್ ಬಂದು ಎರಡನ್ನೂ ನುಂಗಿಹಾಕಿತು.

ಅಂಕಲ್ ಎಂದರೆ ನಮ್ಮ ದೇಶದವರ ಅಂಗಡಿಗಳಿರುವ ಓಕ್ ಟ್ರೀ ರೋಡಿನಲ್ಲಿ ಎದುರು ಸಿಕ್ಕಿದವರೆಲ್ಲ ಅಂಕಲ್. ನಾನು ನಿಮ್ಮನ್ನು ಒಂದು ದಿನವೂ ಹಾಗೆ ಕರೆದದ್ದಿಲ್ಲ, ಗಮನಿಸಿದ್ದೀರಾ?

ನೀವು ಎಲಿವೇಟರಿನ ಕಥೆ ಹೇಳುವಾಗ ಪ್ರತಿ ಸಲ ಬಕೆಟುಗಳ ಸಂಖ್ಯೆ ಜಾಸ್ತಿಯಾಗುತ್ತದೆ. ಆದರೂ ಹೇಳುತ್ತಿರಿ.

ಒಂದು ಉಪಕಾರ ಆಗಬೇಕು. ಆ ಪದ್ಯದ ಇನ್ನೊಂದು ಕೈಬರಹದ ಪ್ರತಿ ನ್ಯೂಯಾರ್ಕಿನ ಒಂದು ಲೈಬ್ರರಿಯಲ್ಲಿದೆ. ಈಗ ಅದನ್ನು ಜನರ ನೋಟಕ್ಕೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರಂತೆ. ಫೋಟೋ ಬೇಕಾದಷ್ಟು ಸಿಗುತ್ತವೆ, ನನಗೆ ಫೋಟೋ ಬೇಡ. ನೀವು ಹೋಗಿ ನೋಡಿ, ಹೇಗಿದೆ ಎಂದು ಬರೆಯಿರಿ. ನನ್ನ ಕವಿಯನ್ನು ನಮ್ಮ ಮನೆಯವರೊಬ್ಬರು ಕಣ್ಣಾರೆ ಕಂಡ ಹಾಗಾಗುತ್ತದೆ.

ಅನ್ವಿತಾ


ಐಸೆಲಿನ್
ಜನವರಿ 12, 2025

ಮಗಾ,

ನಿನ್ನ ಕವಿಯ ದರ್ಶನವಾಯಿತು.

ಹೋಟೆಲಿಗೆ ಸೋಮವಾರ ರಜೆ ಎಂದು ಹೊರಟರೆ ಲೈಬ್ರರಿಗೂ ಸೋಮವಾರ ರಜೆಯಂತೆ. ಆದ್ದರಿಂದ ಶುಕ್ರವಾರ ಅಡುಗೆಮನೆಯನ್ನು ಅಡುಗೆಯ ಹುಡುಗ ಪ್ರತೀಕನಿಗೆ ಒಪ್ಪಿಸಿ ಮೆಟ್ರೋಪಾರ್ಕಿನಲ್ಲಿ ರೈಲು ಹತ್ತಿದೆ. ನ್ಯೂಆರ್ಕ್ ದಾಟಿ ಜೌಗಿನ ಹುಲ್ಲು ಕಂಡಾಗ ನಿನ್ನ ಮಾರ್ಷ್‌ವಿಕ್ ಹೀಗೇ ಇರಬಹುದು ಎಂದುಕೊಂಡೆ. ಪೆನ್ ಸ್ಟೇಷನ್ನಿನಿಂದ ನಡೆದೆ, ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಬಾಗಿಲಲ್ಲಿ ಸೆಕ್ಯೂರಿಟಿಯವನು ನನ್ನ ಚೀಲ ಬಿಚ್ಚಿ ಟಿಫಿನ್ ಡಬ್ಬಿ ಹೊರಗಿಡಲು ಹೇಳಿದ. ‘ವಾಟ್ ಈಸ್ ದಿಸ್ ಸರ್?’ ಎಂದ. ‘ಗೋಳಿಬಜೆ’ ಎಂದೆ. ಹೊರಗೆ ಬರುವಾಗ ಅವನಿಗೂ ಎರಡು ಕೊಟ್ಟೆ.

ಪುಸ್ತಕ ಇಷ್ಟು ಚಿಕ್ಕದು ಎಂದು ನೀನು ಹೇಳಿರಲಿಲ್ಲ. ನನ್ನ ಅಂಗೈಯಷ್ಟೇ ಉಂಟು. ಅಕ್ಷರ ಒಂದೂ ತಿಳಿಯಲಿಲ್ಲ, ಆದರೆ ಬರೆದವನ ಕೈ ಚೆನ್ನಾಗಿ ಉಂಟು. ಮೊದಲ ಅಕ್ಷರದ ಹೊಟ್ಟೆಯೊಳಗೆ ಒಂದು ಚಿತ್ರ. ನೀಲಿ ಹೊಳೆ, ಒಬ್ಬ ಗಡ್ಡದವನು, ಅವನ ಹೆಗಲ ಮೇಲೆ ಒಂದು ಮಗು. ಮಗು ಅವನ ಕೂದಲು ಹಿಡಿದುಕೊಂಡಿದೆ. ಅವನ ಮುಖ ನೋಡಿದೆ, ಮಗಾ. ಅದು ಏನನ್ನೋ ಅಡಗಿಸಿಟ್ಟವನ ಮುಖ ಅಲ್ಲ. ನೀರು ಎಷ್ಟು ಆಳ ಉಂಟು ಎಂದು ಮಾತ್ರ ನೋಡುವವನ ಮುಖ. ಅವನು ಮಾವನೇ. ನಿನ್ನ ಗೈಡಿಗೆ ಹೇಳು.

ಪಕ್ಕದಲ್ಲಿದ್ದ ಹೆಂಗಸು ‘ಬ್ಯೂಟಿಫುಲ್, ಇಸಂಟ್ ಇಟ್?’ ಎಂದಳು. ನಾನು ಹೂಂ ಎಂದೆ. ಈ ಸಲ ಕೇಳಿಸಿಯೇ ಹೂಂ ಎಂದದ್ದು.

ಕಾರ್ಡಿನ ವಿಷಯ ನೀನು ತಲೆ ಕೆಡಿಸಿಕೊಳ್ಳಬೇಡ. ನಾನು ಒಂದು ವ್ಯವಸ್ಥೆ ಮಾಡುತ್ತಿದ್ದೇನೆ.

ಮಾವ


ಇಂಗ್ಲೆಂಡ್
ಜನವರಿ 31, 2025

ನನ್ನ ಚಿನ್ನದ ಮಾವಾ,

ನಿಮಗೆ ಬೇಸರವಾಗುವ ಸುದ್ದಿ. ಆ ಚಿತ್ರ ಬರೆದವನು ಕವಿ ಸತ್ತು ನೂರು ವರ್ಷದ ಮೇಲೆ ಬಂದವನು. ಹೊಳೆ ದಾಟಿಸುವ ಗಡ್ಡದವನನ್ನು ಅವನು ಸಿಕ್ಕ ಸಿಕ್ಕ ಪುಸ್ತಕದಲ್ಲೆಲ್ಲ ಬರೆದಿದ್ದಾನೆ. ಅವನೊಬ್ಬ ಸಂತ, ಪ್ರಯಾಣಿಕರನ್ನು ಕಾಯುವವನು. ನಿಮ್ಮ ಸಾಕ್ಷಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಆದರೆ ನೀವು ಬರೆದ ಆ ನಾಲ್ಕು ಸಾಲು ಓದಿದ ಮೇಲೆ ನನ್ನ ಅಧ್ಯಾಯ ತೆಗೆದು ನೋಡಿದೆ. ಅದರಲ್ಲಿ ಮಾವನ ಮುಖವನ್ನು ನಾನು ಎಲ್ಲೂ ನೋಡಿಯೇ ಇಲ್ಲ ಅನ್ನಿಸಿತು. ಮರೆಯಲ್ಲಿದ್ದ ಅಪ್ಪ ಎಂದು ಹೇಳಿದರೆ ಕಥೆ ಎಷ್ಟು ಚೆನ್ನಾಗಿ ಕೂಡಿಬರುತ್ತದೆ ಎಂದೇ ಬರೆದುಕೊಂಡು ಹೋಗಿದ್ದೇನೆ. ಗೈಡ್ ಮಾತ್ರ, ಇದೇ ನಿನಗೆ ಕೆಲಸ ಕೊಡಿಸುವ ಅಧ್ಯಾಯ, ಕೈ ಹಚ್ಚಬೇಡ ಎನ್ನುತ್ತಾರೆ.

ನಿಮ್ಮ ‘ವ್ಯವಸ್ಥೆ’ ಏನೆಂದು ಊಹಿಸಿದೆ. ನೀತಾ ಆಂಟಿಯ ಕಡೆಯವರಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಬೇರೆ ಪಂಕ್ತಿ ತಾನೆ? ಅತುಲ್ ತನಗೆ ಮಾತ್ರ ಈರುಳ್ಳಿಯ ಪಂಕ್ತಿಯಲ್ಲಿ ಜಾಗ ಬೇಕು ಎಂದಿದ್ದಾನೆ, ಗುಟ್ಟಾಗಿ.

ಧಾರೆಯ ವಿಷಯ ನನಗೂ ಬರೆಯುವುದಿದೆ. ನೀವು ಮೊದಲು ಏನಾದರೂ ಹೇಳುತ್ತೀರೇನೋ ಎಂದು ಕಾಯುತ್ತಿದ್ದೇನೆ.

ಅನ್ವಿತಾ


ಐಸೆಲಿನ್
ಫೆಬ್ರವರಿ 23, 2025

ಮಗಾ ಅನ್ವಿತಾ,

ಹೇಳುತ್ತೇನೆ, ಕೇಳು. ಈರುಳ್ಳಿಯ ವ್ಯವಸ್ಥೆ ಅಲ್ಲ.

ಕಳೆದ ವಾರ ನಾನು ವರ್ಜೀನಿಯಾಕ್ಕೆ ಹೋಗಿ ಬಂದೆ. ಡೆಲವೇರಿನಲ್ಲಿ ಹಳೆಯ ಕೇಟರಿಂಗ್ ವ್ಯಾನು ನೋಡಲಿಕ್ಕುಂಟು ಎಂದು ನಿನ್ನ ಅಮ್ಮನಿಗೆ ಸುಳ್ಳು ಹೇಳಿ ಹೊರಟೆ. ಫೋನಿನಲ್ಲಿ ಕರೆಯುವುದು ಕರೆಯುವುದಲ್ಲ. ಧಾರೆಗೆ ಕರೆಯುವಾಗ ಮನೆಯ ಹೊಸಿಲು ತುಳಿದು ವೀಳ್ಯ ಕೊಡಬೇಕು. ಓಕ್ ಟ್ರೀ ರೋಡಿನಲ್ಲಿ ಒಳ್ಳೆಯ ವೀಳ್ಯದೆಲೆ ಸಿಕ್ಕಿತು, ಒಂದು ತೆಂಗಿನಕಾಯಿ, ಅಡಿಕೆ. ಎಲೆ ಬಾಡಬಾರದೆಂದು ದಾರಿಯಿಡೀ ಹೀಟರ್ ಹಾಕಲಿಲ್ಲ.

ಶಿವರಾಮ ಬಾಗಿಲು ತೆರೆದ. ತಲೆ ಪೂರಾ ಬೆಳ್ಳಗಾಗಿದೆ. ಅವನ ಈಗಿನ ಹೆಂಡತಿ ಕಾಫಿ ತಂದುಕೊಟ್ಟು, ಒಳ್ಳೆಯ ಹೆಂಗಸು, ಒಳಗೆ ಹೋದಳು. ನಾನು ವೀಳ್ಯ ಮುಂದಿಟ್ಟು, ‘ಮಗಳ ಧಾರೆ ನೀನೇ ಎರೆಯಬೇಕು’ ಎಂದೆ. ಅವನು ಮೊದಲು ಹಿಂಜರಿದ. ಆಮೇಲೆ ಎಲೆ ತೆಗೆದುಕೊಂಡ.

ನಿನ್ನ ಕಾಗದದಲ್ಲಿ ಇದ್ದುದನ್ನು ನಾನು ಓದಿಕೊಂಡೆ, ಮಗಾ. ಅಪ್ಪನನ್ನು ಅಪ್ಪಾ ಎಂದು ಕರೆಯಲಾಗದವನ ಸಂಕಟ ಎಂದು ಬರೆದಿದ್ದೆಯಲ್ಲ. ಬದುಕಿಡೀ ಆ ಒಬ್ಬನನ್ನೇ ಹುಡುಕಿದ ಎಂದೂ ಬರೆದಿದ್ದೆ. ಅದು ಕವಿಯ ಮಾತು ಮಾತ್ರ ಅಲ್ಲ ಎಂದು ನನಗೆ ಗೊತ್ತಾಯಿತು. ಇಷ್ಟು ವರ್ಷ ನಮ್ಮ ಮುಖ ನೋಡಿ ನೀನು ಬಾಯಿ ಬಿಡಲಿಲ್ಲ. ಈಗ ನಿನ್ನ ಆಸೆ ಈಡೇರುತ್ತದೆ, ಕಾರ್ಡಿನಲ್ಲಿಯೂ ಅವನ ಹೆಸರು ಬರುತ್ತದೆ. ನನಗೆ ಸಂತೋಷ. ಅಂದು ನಾನು ಅಡುಗೆಮನೆಯಲ್ಲೇ ಇರಬೇಕಾದೀತು, ಇಷ್ಟು ಜನರ ಊಟ ಎಂದರೆ ಸುಮ್ಮನೆಯಲ್ಲ.

ಅಮ್ಮನಿಗೆ ಇನ್ನೂ ಹೇಳಿಲ್ಲ. ನೀನೂ ಹೇಳಬೇಡ. ಹೊತ್ತು ನೋಡಿ ಹೇಳುತ್ತೇನೆ.

ಮಾವ


ಇಂಗ್ಲೆಂಡ್
ಏಪ್ರಿಲ್ 6, 2025

ಮಾವಾ,

ಇಷ್ಟು ದಿನ ಬರೆಯಲಿಲ್ಲ. ಬರೆದದ್ದನ್ನೆಲ್ಲ ಹರಿದುಹಾಕಿದೆ. ಮೊದಲು ಸಿಟ್ಟು ಬಂತು, ಆಮೇಲೆ ನೀವು ಹೀಟರ್ ಹಾಕದೆ ಫೆಬ್ರವರಿಯಲ್ಲಿ ಅಷ್ಟು ದೂರ ಡ್ರೈವ್ ಮಾಡಿದ್ದು ಕಣ್ಣಿಗೆ ಕಟ್ಟಿ ಸಿಟ್ಟು ಮುಂದುವರಿಯಲಿಲ್ಲ.

ನಾನು ಅಪ್ಪನಿಗೆ ಫೋನ್ ಮಾಡಿದೆ. ಅವರು ಹೇಳಿದ ಮಾತನ್ನೇ ಬರೆಯುತ್ತೇನೆ: ‘ನಿನ್ನ ಮಾವ ಸೋಫಾದ ತುದಿಯಲ್ಲಿ ಕೂತಿದ್ರು. ನಂಗೆ ಯೋಗ್ಯತೆ ಇಲ್ಲ ಭಾವ, ನೀವೇ ಎರೀರಿ ಅಂದೆ. ಹುಡುಗಿ ನಿನ್ನನ್ನ ಹುಡುಕ್ತಾ ಇದ್ದಾಳೆ ಅಂದ್ರು. ಮತ್ತೆ ಇಲ್ಲ ಅನ್ನೋಕಾಗ್ಲಿಲ್ಲ.’ ಅವರು ಮೆತ್ತಗೆ ಮಾತಾಡಿದರು. ನನಗೆ ದ್ವೇಷವೂ ಬರಲಿಲ್ಲ, ಅಳುವೂ ಬರಲಿಲ್ಲ. ಬ್ಯಾಂಕಿನ ಕಸ್ಟಮರ್ ಸರ್ವಿಸ್‌ನವರೊಡನೆ ಮಾತಾಡಿದ ಹಾಗಿತ್ತು.

ನಾನು ಯಾರನ್ನೂ ಹುಡುಕುತ್ತಿರಲಿಲ್ಲ, ಮಾವಾ. ಕವಿಯ ಬಗ್ಗೆ ಬರೆದದ್ದು ಕವಿಯ ಬಗ್ಗೆಯೇ. ಅಪ್ಪ ಇಲ್ಲದ ಮನೆಯಲ್ಲಿ ಬೆಳೆದ ನನಗೆ ನಿಮ್ಮನ್ನು ಬಿಟ್ಟು ಇನ್ನೇನೋ ಬೇಕಿತ್ತು ಎಂದು ನೀವು ಅಂದುಕೊಂಡದ್ದು ಹೇಗೆ? ನಿಮ್ಮ ಮೊದಲ ಕಾಗದದಲ್ಲಿ ‘ನನ್ನದು ಏನೂ ಇಲ್ಲ’ ಎಂದು ಬರೆದಿರಿ. ನಿಮಗೆ ಆಸೆ ಇದ್ದರೆ ಕೇಳುತ್ತೀರಿ ಎಂದು ನಾನು ಕಾದೆ. ನನಗೆ ಆಸೆ ಇದ್ದರೆ ಹೇಳುತ್ತೇನೆ ಎಂದು ನೀವು ಕಾದಿರಿ. ನಾವಿಬ್ಬರೂ ಸೇರಿ ಒಳ್ಳೆಯ ಕೆಲಸ ಮಾಡಿದೆವು.

ಈಗ ನೇರವಾಗಿ ಹೇಳುತ್ತೇನೆ. ನನ್ನ ಕೈಯ ಮೇಲೆ ನೀರು ಬೀಳುವಾಗ ಧಾರೆಯ ಗಿಂಡಿಯ ಮೇಲೆ ನಿಮ್ಮ ಕೈ ಇರಬೇಕು. ಅಡುಗೆಮನೆಯಲ್ಲಿ ಪ್ರತೀಕ್ ಇದ್ದರೆ ಸಾಕು.

ಆ ಅಧ್ಯಾಯವನ್ನು ತೆಗೆದುಹಾಕಿದೆ. ಮಾವ ಅಪ್ಪನೇ ಆಗಿದ್ದ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ, ನಮಗೆ ಹಾಗೆ ಬೇಕಿತ್ತು ಅಷ್ಟೇ ಎಂದು ಗೈಡಿಗೆ ಬರೆದೆ. ಅವರು ಮುನಿಸಿಕೊಂಡಿದ್ದಾರೆ, ಡಿಗ್ರಿ ಒಂದು ವರ್ಷ ಮುಂದೆ ಹೋಗಬಹುದು. ನಿಮ್ಮ ವಾದವೂ ಸಾಬೀತಾಗಿಲ್ಲ, ಜಂಬ ಬೇಡ. ಅವನು ಯಾರ ಮಗ, ಯಾರ ಅಳಿಯ, ಹೆಸರೇನು, ಯಾವುದೂ ಗೊತ್ತಿಲ್ಲ ಎಂದೇ ಬರೆಯುತ್ತೇನೆ. ಹೊಳೆ ದಾಟಿಸಿದವನನ್ನು ಅವನು ಮಾವ ಎಂದು ಕರೆದ. ಕರೆದವನಿಗೆ ಗೊತ್ತಿರಬೇಕು.

ಅಮ್ಮನಿಗೆ ನೀವೇ ಹೇಳಬೇಕು. ಇವತ್ತೇ ಹೇಳಿ.

ನಿಮ್ಮ ಹುಡುಗಿ
ಅನ್ವಿತಾ


ಐಸೆಲಿನ್
ಏಪ್ರಿಲ್ 16, 2025

ಮಗಾ,

ಹೇಳಿದೆ. ಅವಳು ಮೀನು ಕತ್ತರಿಸುತ್ತಿದ್ದಳು. ಕೇಳುತ್ತಾ ಕತ್ತರಿಸುತ್ತಲೇ ಇದ್ದಳು. ಬಂಗುಡೆ ಅಷ್ಟು ಸಣ್ಣ ತುಂಡಾದದ್ದನ್ನು ನಾನು ಹುಟ್ಟಿದ ಮೇಲೆ ನೋಡಿದ್ದಿಲ್ಲ. ಆಮೇಲೆ ಕೈ ತೊಳೆದು, ‘ಡೆಲವೇರಿನ ವ್ಯಾನು ಹೇಗಿತ್ತು ಅಣ್ಣ?’ ಎಂದು ಕೇಳಿ ಕೋಣೆಗೆ ಹೋದಳು. ಅಂದಿನಿಂದ ನನಗೆ ಅನ್ನ ಬಡಿಸುತ್ತಾಳೆ, ಮಾತಿಲ್ಲ.

ನಿನ್ನ ಕಾಗದವನ್ನು ಹೋಟೆಲಿನ ಸ್ಟೋರ್ ರೂಮಿನಲ್ಲಿ ಅಕ್ಕಿಮೂಟೆಯ ಮೇಲೆ ಕೂತು ಓದಿದೆ. ಆಸೆ ಇತ್ತು, ಮಗಾ. ಬರೆದೇ ಬಿಡುತ್ತೇನೆ. ತುಂಬ ಇತ್ತು. ಭಟ್ಟರು ಫೋನಿನಲ್ಲಿ ಕೇಳಿದ ದಿನ ‘ನಾನೇ ಎರೆಯುವುದು’ ಎಂದು ಬಾಯಿ ತುದಿಗೆ ಬಂದಿತ್ತು. ಹಕ್ಕಿಲ್ಲದವನು ಆಸೆ ಪಟ್ಟರೆ ಆಸೆಗೂ ಮರ್ಯಾದೆ ಇಲ್ಲ ಎಂದು ನುಂಗಿದೆ. ನೀನು ಹಾಗೆ ಬರೆದ ಮೇಲೆ ಈಗ ನನಗೆ ಹಕ್ಕು ಬಂದಿದೆ, ಆದರೆ ನಾನೇ ಹೋಗಿ ಅದನ್ನು ಬೇರೆಯವನ ಕೈಗೆ ಕೊಟ್ಟು ಬಂದಿದ್ದೇನೆ. ಕೊಟ್ಟ ವೀಳ್ಯವನ್ನು ಹಿಂದೆ ಕೇಳಿದವರು ನಮ್ಮಲ್ಲಿ ಯಾರೂ ಇಲ್ಲ. ಅವನು ಬೇಡ ಎಂದವನು, ನಾನೇ ಒತ್ತಾಯ ಮಾಡಿದ್ದು. ಈಗ ಯಾವ ಮುಖ ಇಟ್ಟುಕೊಂಡು ಬರಬೇಡ ಎನ್ನಲಿ?

ಕಾರ್ಡು ಪ್ರಿಂಟಿಗೆ ಹೋಗಬೇಕು. ಏನು ಮಾಡುವುದೆಂದು ನನಗೆ ತಿಳಿಯುತ್ತಿಲ್ಲ.

ಮಾವ


ಐಸೆಲಿನ್
ಏಪ್ರಿಲ್ 27, 2025

ಅನ್ವಿ,

ನಾನು ಕಾಗದ ಬರೆಯುವವಳಲ್ಲ. ಅಣ್ಣ ಓದಿ ಹೇಳಿದರೆ ಕೇಳುವವಳು. ಕೇಳುತ್ತಾ ನಿದ್ದೆ ಹೋಗುತ್ತೇನೆ ಎಂದು ಅವನು ನಿನಗೆ ಬರೆದಿದ್ದಾನಂತೆ. ಕಣ್ಣು ಮುಚ್ಚಿದ ಮಾತ್ರಕ್ಕೆ ನಿದ್ದೆಯಲ್ಲ.

ಅಕ್ಟೋಬರಿನಿಂದ ನೀವಿಬ್ಬರೂ ಕಾಗದ ಬರೆದುಕೊಂಡಿದ್ದೀರಿ. ಅಪ್ಪನಾ ಮಾವನಾ, ಮಾವನಾ ಅಪ್ಪನಾ. ಅಲ್ಲಿ ನಿನ್ನ ಪಂಡಿತರದ್ದೂ ಅದೇ ಜಗಳ. ಆ ಕವಿಯನ್ನು ಹೆತ್ತವಳು ಒಬ್ಬಳಿದ್ದಳಲ್ಲ, ಅವಳ ಹೆಸರೇನು ಎಂದು ಯಾರಾದರೂ ಕೇಳಿದ್ದಾರಾ? ಹೊಳೆಯ ಈ ದಡದಲ್ಲಿ ನಿಂತು ಮಗುವಿನ ತಲೆ ಬಾಚಿ ಅಣ್ಣನ ಹೆಗಲಿಗೆ ಏರಿಸಿದವಳು ಅವಳೇ ಇರಬೇಕು. ಇಲ್ಲಿಯೂ ನನ್ನನ್ನು ಯಾರೂ ಕೇಳಲಿಲ್ಲ. ನನಗೆ ಬೇಸರವಾಗಿದ್ದು ಶಿವರಾಮನನ್ನು ಕರೆದದ್ದಕ್ಕಲ್ಲ. ನನ್ನನ್ನು ಕೇಳದೆ ಇದ್ದದ್ದಕ್ಕೆ.

ಕಳೆದ ಭಾನುವಾರ ನಾನೇ ಶಿವರಾಮನಿಗೆ ಫೋನ್ ಮಾಡಿದೆ. ಇಪ್ಪತ್ತು ವರ್ಷದ ಮೇಲಾಯಿತು ಅವನ ಹತ್ತಿರ ಮಾತಾಡದೆ. ‘ಅಣ್ಣ ಕೊಟ್ಟ ವೀಳ್ಯ ಹಾಗೇ ಇರ್ಲಿ, ನೀನು ಬರ್ಬೇಕು, ಹೆಂಡತಿಯನ್ನೂ ಕರ್ಕೊಂಡು ಬಾ. ಮುಂದಿನ ಸಾಲಲ್ಲಿ ಕೂತು ಅಕ್ಷತೆ ಹಾಕು, ಊಟ ಮಾಡ್ಕೊಂಡೇ ಹೋಗು. ಗಿಂಡಿ ಮಾತ್ರ ನಾನು ಹಿಡೀತೇನೆ’ ಎಂದೆ. ಅವನು ‘ಆಯ್ತು ಜಯಂತಿ’ ಎಂದ. ಉಸಿರು ಬಿಟ್ಟದ್ದು ಕೇಳಿಸಿತು. ಅವನಿಗೂ ಅದು ಭಾರವೇ ಆಗಿತ್ತು.

ಆಮೇಲೆ ದೇವಸ್ಥಾನಕ್ಕೆ ಹೋದೆ. ಭಟ್ಟರು, ‘ಗಂಡ ಬಿಟ್ಟವರು ಧಾರೆ ಎರೆಯೋದು ರೂಢಿ ಇಲ್ಲ ಅಮ್ಮ’ ಎಂದರು. ‘ಈ ಹುಡುಗಿಯ ಬಳಿ ಯಾರದ್ದು ಭಟ್ರೇ?’ ಎಂದೆ. ‘ನಿಮ್ಮದು’ ಎಂದರು. ‘ಮತ್ತೆ ನನ್ನ ಬಳಿಯ ಹುಡುಗಿಯನ್ನ ಕೊಡ್ಲಿಕ್ಕೆ ನಾನು ಯಾರನ್ನ ಕೇಳ್ಬೇಕು?’ ಎಂದೆ. ಅವರು ಸ್ವಲ್ಪ ಹೊತ್ತು ಗಡ್ಡ ತುರಿಸಿಕೊಂಡು, ಶಾಸ್ತ್ರದಲ್ಲಿ ಏನೂ ಅಡ್ಡಿ ಇಲ್ಲ ಎಂದರು. ಅಡ್ಡಿ ಇದ್ದಿದ್ದರೂ ನಾನು ಬಿಡುತ್ತಿರಲಿಲ್ಲ.

ಈಗ ಕೇಳು. ತುಂಬಿದ ಗಿಂಡಿ ಭಾರ, ನನ್ನ ಮಣಿಕಟ್ಟು ಫಾರ್ಮಸಿಯಲ್ಲಿ ಸವೆದದ್ದು. ಆದ್ದರಿಂದ ಗಿಂಡಿ ನನ್ನ ಕೈಯಲ್ಲಿ, ನನ್ನ ಕೈಯ ಕೆಳಗೆ ಅಣ್ಣನ ಕೈ. ನಿನ್ನನ್ನು ಸಾಕಿದ್ದೂ ಹಾಗೆಯೇ. ಇದನ್ನು ಅವನಿಗೆ ಹೇಳಿದಾಗ ಅವನು ಏನೂ ಹೇಳಲಿಲ್ಲ. ಕೇಳಿಸಲಿಲ್ಲವೋ ಎಂದು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದೆ. ‘ಮೊದ್ಲೇ ಕೇಳ್ಸಿತು, ಇನ್ನೊಂದ್ಸಲ ಹೇಳ್ತೀಯೇನೋ ಅಂತ ಸುಮ್ಮನಿದ್ದೆ’ ಎಂದ.

ಕಾರ್ಡಿನ ಡಿಸೈನ್ ಮಾಡುವ ಹುಡುಗಿ ತಾನ್ಯಾ ನಿನ್ನೆ ಹೋಟೆಲಿಗೆ ಬಂದಿದ್ದಳು. ಮೊದಲು ನನ್ನ ಹೆಸರು, ಅದರ ಪಕ್ಕದಲ್ಲಿ ಅಣ್ಣನ ಹೆಸರು. ‘ಆಂಟಿ, ಅಂಕಲ್ ಹೆಸರಿನ ಕೆಳಗೆ ಫಾದರ್ ಆಫ್ ದ ಬ್ರೈಡ್ ಅಂತ ಹಾಕ್ಲಾ?’ ಎಂದಳು. ಬೇಡ, ಕನ್ನಡದಲ್ಲಿ ‘ಸೋದರಮಾವ’ ಎಂದು ಹಾಕು ಎಂದೆ. ಅವಳು ಲ್ಯಾಪ್‌ಟಾಪಿನಲ್ಲಿ ಹಾಕಿ ತೋರಿಸಿದಳು. ಅಣ್ಣ ಕನ್ನಡಕ ಏರಿಸಿ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಮೂಗು ಒರೆಸಿಕೊಂಡು, ‘ಅಕ್ಷರ ಸ್ವಲ್ಪ ದೊಡ್ಡದು ಮಾಡ್ಲಿಕ್ಕೆ ಹೇಳು’ ಎಂದ.

ಅಮ್ಮ